ಮರಗಮ್ಮನ ಕೌದಿ

ದುಂಡಗೆ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳ ನಡುವೆ ಶ್ರೀಪ್ರಿಯಾ ಒಬ್ಬಳೇ ಕುಳಿತಿದ್ದಳು. ಕಲ್ಯಾಣದ ಕಟ್ಟಡ ಕಾರ್ಮಿಕರ ತಗಡಿನ ಮನೆಗಳಿಗೆ ತಿಂಗಳಿಂದ ಬರುತ್ತಿದ್ದರೂ ಒಂದು ನರಪಿಳ್ಳೆಯೂ ಅವಳ ಸಭೆಗೆ ಬಂದಿರಲಿಲ್ಲ. ಹೆಂಗಸರ ಗುಂಪು ಕಟ್ಟಿ ಅವರು ಮನಸ್ಸು ಬಿಚ್ಚಿ ಮಾತಾಡುವಂತೆ ಮಾಡುವುದು ಅವಳ ಎಂ.ಎ. ಮನಶ್ಶಾಸ್ತ್ರದ ಪ್ರಾಜೆಕ್ಟು. ಇವತ್ತು ಗೈಡ್ ಅಪೇಕ್ಷಾ ಮೇಡಂ ಖುದ್ದು ನೋಡಲು ಬರುವವರಿದ್ದರು. ಗುಂಪಿಲ್ಲವೆಂದರೆ ಫೇಲು, ಫೇಲಾದರೆ ಡೊಂಬಿವಲಿಯಲ್ಲಿ ಅಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂರುವುದೇ ಗತಿ!

ಹೆಂಗಸರೇನು ದೂರವಿರಲಿಲ್ಲ. ರಜೆಯ ದಿನ, ಅಲ್ಲೇ ಮರದ ನೆರಳಲ್ಲಿ ಹಳೆ ಸೀರೆ ಹಾಸಿಕೊಂಡು ಕೌದಿ ಹೊಲಿಯುತ್ತಿದ್ದರು. ಶ್ರೀಪ್ರಿಯಾ ಎದ್ದು ಹೋದಳು.

"ಸ್ವಲ್ಪ ಹೊತ್ತು ಬಂದು ಕೂತ್ಕೊಳ್ಳಿ ಮಾರಾಯ್ರೆ. ಏನಾದ್ರೂ ಮಾತಾಡುವ."

"ತಲಿ ಕೆಟ್ಟವರಿಗಿ ಮಾತಾಡ್ಸೋ ವಿದ್ಯಾ ಅಂತಲ್ಲ ನಿಂದು? ನಮಗೇನಾಗ್ಯಾದವ್ವ?" ಎಂದಳು ಕಲಬುರಗಿಯ ಮರಗಮ್ಮ, ಸೂಜಿ ನಿಲ್ಲಿಸದೆ.

ಶ್ರೀಪ್ರಿಯಾಳ ಕಣ್ಣಲ್ಲಿ ನೀರು ಬಂದೇಬಿಟ್ಟಿತು.

"ಅಯ್ಯ, ಅಳಬ್ಯಾಡ! ಕುಂದ್ರು ಇಲ್ಲಿ." ಮರಗಮ್ಮ ಕೈಹಿಡಿದು ಜಗ್ಗಿ ಕೂರಿಸಿ ಸೂಜಿ ಕೊಟ್ಟಳು. ಕೌದಿಗೆ ಕೈಹಚ್ಚಿದವರ ಬಟ್ಟೆಯ ಚೂರೊಂದು ಅದರಲ್ಲಿ ಸೇರಲೇಬೇಕೆಂಬುದು ಅವರ ಪದ್ಧತಿ. ಬೇಡ ಬೇಡವೆನ್ನುವಷ್ಟರಲ್ಲಿ ಶ್ರೀಪ್ರಿಯಾಳ ಹೊಸ ದುಪಟ್ಟಾದ ತುದಿಗೆ ಕತ್ತರಿ ಬಿತ್ತು. ಅವಳ ಹೊಲಿಗೆಯೋ, ದೇವರಿಗೇ ಪ್ರೀತಿ! ಹೆಂಗಸರು ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು. ನಗುತ್ತಲೇ ಗಲ್ಲಾದ ಭಯ, ಫೇಲಿನ ಭಯ ಎಲ್ಲವನ್ನೂ ಹೇಳಿಕೊಂಡಳು.

ಆಮೇಲೆ ಪಕ್ಕದಲ್ಲಿ ಹೊಲಿಯುತ್ತಿದ್ದ ಪದ್ಮಾವತಿ ತನ್ನ ಗಂಡನ ಕುಡಿತದ ಮಾತು ತೆಗೆದಳು. ಇನ್ನೊಬ್ಬಳು ಊರಲ್ಲಿ ಬಿಟ್ಟುಬಂದ ಮಗಳನ್ನು ನೆನೆದಳು. ಮರಗಮ್ಮ ಹಸಿರು ತುಂಡೊಂದನ್ನು ಸವರಿ, "ಇದು ನಮ್ ತಂಗೀ ಸೀರಿ. ಈಗ ಆಕಿ ಇಲ್ಲ," ಎಂದು ಮೊದಲ ಸಲ ಎಲ್ಲರೆದುರು ಅತ್ತಳು. ಅತ್ತು ಹಗುರಾಗಿ, ಆ ತಂಗಿಯ ತುಂಟಾಟಗಳನ್ನು ಹೇಳಿ ಎಲ್ಲರನ್ನೂ ನಗಿಸಿದಳು.

ಅಪೇಕ್ಷಾ ಮೇಡಂ ಬಂದು ಹಿಂದೆ ನಿಂತು ಎಷ್ಟು ಹೊತ್ತಾಗಿತ್ತೋ! ಶ್ರೀಪ್ರಿಯಾ ಗಾಬರಿಯಿಂದ ಎದ್ದಳು. "ಮೇಡಂ, ಸಭೆ ಅಲ್ಲಿ ಮಾಡ್ಬೇಕೂಂತ ಇದ್ದೆ, ಆದ್ರೆ..."

ಮರಗಮ್ಮ ಅಡ್ಡ ಬಂದಳು. "ಬೈಬ್ಯಾಡ್ರಿ ಮೇಡಂ. ಒಬ್ಬಾಕಿನೇ ಕುಂತು ಕುಂತು ಹುಡುಗಿ ಅಂಜಿತ್ತು. ನಾವೆಲ್ಲ ಕೂಡಿ ಮಾತಾಡ್ಸಿ ಒಂದೀಟು ಹಾದಿಗಿ ತಂದೀವಿ. ರಜಾ ಇದ್ದಾಗೆಲ್ಲ ಕಳಸ್ರಿ, ಪೂರಾ ಆರಾಮ್ ಆಗ್ತಾಳ."