ಮಾಳಿಗೆ ಮೇಲಿನ ಖೋಲಿ

ಕೈಯಲ್ಲಿ ಚಹಾ ಇದ್ದರೆ ಸ್ವಲ್ಪ ಪಕ್ಕಕ್ಕಿಡಿ... ಇದನ್ನು ಓದಿ ಮುಗಿಸುವಷ್ಟರಲ್ಲಿ ಅದು ಹೇಗೂ ಆರಿರುತ್ತದೆ.

ಹೊಳೆ ದಂಡೆಯ ಒಂದು ಊರು. ಅಲ್ಲಿ ದಾಕ್ಷಾಯಣಿ ಎಂಬ ಸೊಸೆ. ಗಂಡ ಬಸ್ ಡ್ರೈವರ್, ಮನೆಗಿಂತ ಡಿಪೋದಲ್ಲಿದ್ದದ್ದೇ ಹೆಚ್ಚು. ಮನೆಯಲ್ಲಿ ಪುಟ್ಟ ಮಗಳು ಪೂರ್ವಿ ಮತ್ತು ಅತ್ತೆ ಗುರುಸಿದ್ದವ್ವ.

ಗುರುಸಿದ್ದವ್ವನದು ಮೊದಲಿನಿಂದಲೂ ಒಂದು ಪದ್ಧತಿ. ಮಾಳಿಗೆ ಮೇಲಿನ ಸಣ್ಣ ಖೋಲಿಯಲ್ಲಿ ಡಬ್ಬಿ ತುಂಬ ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ... ಪಕ್ಕದಲ್ಲಿ ಕಾಸಿ ಆರಿಸಿದ ನೀರಿನ ಕೊಡ.

ಹುಣ್ಣಿಮೆ ಬಂದರೆ ಹಳೆಯದನ್ನು ಇಳಿಸಿ ಮನೆಯವರೆಲ್ಲ ತಿನ್ನಬೇಕು, ಹೊಸದನ್ನು ಮೇಲಿಡಬೇಕು. ಊರವರು ಹೋಳಿಗೆ ತಿನ್ನುವ ದಿನ ಈ ಮನೆಯವರು ಹಳೇ ರೊಟ್ಟಿಯನ್ನು ಮೊಸರಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದರು!

“ಅತ್ತಿ, ನಾವೇನ್ ಯುದ್ಧಕ್ಕ ಹೊಂಟೀವೇನ್ರಿ? ಬಾಜೂಕ ಕಿರಾಣಿ ಅಂಗಡಿ ಐತಲ್ರಿ” ಎಂದು ದಾಕ್ಷಾಯಣಿ ನಗುತ್ತಿದ್ದಳು.

“ಹೊಳಿ ಬಂದ್ರ ಮೊದ್ಲ ಮುಚ್ಚೂದು ಆ ಅಂಗಡೀನ, ಯವ್ವಾ” ಎನ್ನುತ್ತಿದ್ದರು ಅತ್ತೆ.

ವರ್ಷಗಳು ಕಳೆದವು... ಗುರುಸಿದ್ದವ್ವನ ನೆನಪು ನಿಧಾನಕ್ಕೆ ಮಸುಕಾಯಿತು. ಸೊಸೆಯ ಮುಖ ನೋಡಿ “ಯಾರ ಮನಿಯಾಕಿ ನೀ?” ಎಂದು ಕೇಳತೊಡಗಿದರು.

ಆದರೆ ಆಕಾಶದಲ್ಲಿ ಚಂದ್ರ ದುಂಡಗಾದ ಸಂಜೆ ಮಾತ್ರ ತಪ್ಪದೆ ಒಂದು ಪ್ರಶ್ನೆ... “ಮ್ಯಾಲಿನ ಡಬ್ಬಿ ತುಂಬೀಯೇನವಾ?”

“ಹೂಂನ್ರಿ ಅತ್ತಿ, ತುಂಬೀನ್ರಿ.”

ಸುಳ್ಳು. ಮನೆಗೆಲಸ, ಮಗಳ ಸ್ಕೂಲು... ಇದನ್ನೆಲ್ಲ ಮಾಡಲು ಯಾರಿಗೆ ಪುರುಸೊತ್ತು? ಡಬ್ಬಿ ಖಾಲಿ ಬಿದ್ದಿತ್ತು, ಕೊಡ ಬೋರಲಾಗಿತ್ತು. ಆದರೆ “ತುಂಬೀನ್ರಿ” ಎಂದ ಕೂಡಲೇ ಅತ್ತೆಯ ಮುಖ ಅರಳುತ್ತಿತ್ತಲ್ಲ, ಅಷ್ಟು ಸಾಕು ಅಂದುಕೊಂಡಿದ್ದಳು.

ಅಷ್ಟರಲ್ಲಿ ಅತ್ತೆಗೆ ಇನ್ನೊಂದು ಚಟ ಹತ್ತಿತು. ಮಧ್ಯಾಹ್ನ ಉಂಡು ಕೈ ತೊಳೆದು, ಮತ್ತೆ ಅಡುಗೆಮನೆಗೆ ಬಂದು “ನಾ ಇನ್ನೂ ಉಂಡಿಲ್ಲವಾ... ಒಂದು ರೊಟ್ಟಿ ಕೊಡು” ಎನ್ನುವುದು. ಅದೂ ಓಣಿಯ ಹೆಂಗಸರು ಬಂದು ಕೂತಾಗಲೇ!

ಡಾಕ್ಟರ್ ಹೇಳಿದ್ದರೆಂದು ಕಾಸಿದ ನೀರು ಕೊಟ್ಟರೆ ತಂಬಿಗೆ ತಕ್ಷಣ ಖಾಲಿ. ಮತ್ತೆ ಬೇಕು, ಮತ್ತೆ ಬೇಕು...

“ನಾ ನಿಮ್ಮನ್ನ ಉಪವಾಸ ಕೆಡವೀನಿ ಅಂತ ಜನಾ ತಿಳೀತಾರ್ರಿ!” ಎಂದು ಸಿಟ್ಟಿನಲ್ಲೇ ರೊಟ್ಟಿ ಕೊಡುತ್ತಿದ್ದಳು ದಾಕ್ಷಾಯಣಿ. ಗುರುಸಿದ್ದವ್ವ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಬಿಸಿಲು ಕಾಯಲು ಮಾಳಿಗೆ ಹತ್ತುತ್ತಿದ್ದರು.

ಆ ವರ್ಷ ಶ್ರಾವಣದಲ್ಲಿ ಊರಿಗೆ ಹನಿ ಮಳೆಯಿಲ್ಲ. ಮಳೆಯೆಲ್ಲ ಮೇಲಿನ ಸೀಮೆಯಲ್ಲಿ. ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ, ಎತ್ತರದ ಜಾಗಕ್ಕೆ ಹೋಗಿ ಎಂದು ಮೈಕಿನಲ್ಲಿ ಕೂಗಿದರು.

“ಪ್ರತಿ ವರ್ಷಾ ಹೊಳಿ ಅಗಸಿ ತನಕ ಬಂದು ಹೊಳ್ಳಿ ಹೋಗ್ತೈತಿ” ಎಂದು ಓಣಿಯವರು ಕದಲಲಿಲ್ಲ. ದಾಕ್ಷಾಯಣಿಯೂ ಕದಲಲಿಲ್ಲ.

ಆ ಸಲ ಹೊಳೆ ಊರ ಬಾಗಿಲನ್ನೂ ದಾಟಿತು... ಒಂದಿಷ್ಟೂ ಸದ್ದಿಲ್ಲದೆ.

ಫಳಫಳ ಬಿಸಿಲು. ಆ ಬಿಸಿಲಲ್ಲೇ ತುಳಸಿಕಟ್ಟೆ ಮುಳುಗಿತು. ಅಡುಗೆಮನೆಯ ಪಾತ್ರೆಗಳು ಒಂದೊಂದಾಗಿ ತೇಲಿದವು. ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳು ತಾವೇ ಎಲ್ಲಿಗೋ ಹೊರಟಂತೆ ಮೆಲ್ಲಗೆ ಓಣಿಗಿಳಿದವು.

ದಾಕ್ಷಾಯಣಿ ಅತ್ತೆಯ ಕೈ ಹಿಡಿದು, ಮಗಳನ್ನು ಸೊಂಟಕ್ಕೇರಿಸಿ ಮಾಳಿಗೆ ಮೇಲಿನ ಖೋಲಿ ಸೇರಿದಳು. ಫೋನಿನಲ್ಲಿ ಗಂಡನ ದನಿ... “ಸೇತುವೆ ಮುಳುಗೈತಿ. ದೋಣಿ ನಾಳೆನ ಬರೂದಂತ...” ಅಷ್ಟರಲ್ಲಿ ಚಾರ್ಜು ಹೋಯಿತು.

ಹೊರಗಿನ ನೀರ ಮೇಲೆ ಬಿದ್ದ ಬಿಸಿಲು ಖೋಲಿಯ ಜಂತಿಯಲ್ಲೆಲ್ಲ ತೂಗಾಡುತ್ತಿತ್ತು. “ಆಯಿ, ಮ್ಯಾಲೆ ನೀರು ಕುಣೀಲಿಕತ್ತೈತಿ ನೋಡು...” ಎಂದು ಅಜ್ಜಿಗೆ ತೋರಿಸಿದಳು ಪೂರ್ವಿ. ಎರಡು ದಿನದಿಂದ ಜ್ವರ ಅವಳಿಗೆ. ತುಟಿ ಒಣಗಿ ಬಿರುಕು ಬಿಟ್ಟಿತ್ತು.

“ಅವ್ವಾ, ನೀರು...”

ಕಣ್ಣು ಹಾಯಿಸಿದಷ್ಟೂ ನೀರೇ. ಆದರೆ ಗಟಾರ, ಕೊಟ್ಟಿಗೆ ಎಲ್ಲ ಕಲೆತ ನೀರು... ಅದನ್ನು ಜ್ವರದ ಕೂಸಿಗೆ ಕುಡಿಸುವುದು ಹೇಗೆ?

ಖಾಲಿ ಎಂದು ಗೊತ್ತಿದ್ದೂ ದಾಕ್ಷಾಯಣಿ ಡಬ್ಬಿಯ ಮುಚ್ಚಳ ತೆಗೆದಳು. ತಾನೇ ಹೇಳಿದ ಸುಳ್ಳು ಅವಳ ಮುಂದೆ ಬಾಯಿ ತೆರೆದು ಕೂತಿತ್ತು. ಅವಳಿಗೆ ಅಳು ತಡೆಯಲಾಗಲಿಲ್ಲ.

ಮೂಲೆಯಲ್ಲಿ ಕೂತಿದ್ದ ಗುರುಸಿದ್ದವ್ವ ಕನಸಿನಿಂದ ಎದ್ದವರಂತೆ ನೋಡಿದರು.

“ಯಾಕ ಅಳ್ತೀಯವಾ? ಕೂಸು ನೀರು ಕೇಳಾಕತ್ತೈತೇನು? ಆ ಕೌದಿ ಸರಸು.”

ಹಳೆಯ ಬಟ್ಟೆ ಹೊಲಿದ ಕೌದಿಗಳ ರಾಶಿ. ಸರಿಸಿದರೆ... ಕೆಳಗೆ ಬಿಳಿ ಪಂಚೆಯ ಗಂಟು. ಬಿಸಿಲಲ್ಲಿ ಒಣಗಿಸಿದ ರೊಟ್ಟಿಗಳು! ಸೊಸೆ ಸಿಟ್ಟಿನಲ್ಲಿ ಕೊಟ್ಟ ಒಂದೊಂದು ರೊಟ್ಟಿಯೂ ಅಲ್ಲಿತ್ತು. ಕಾಗದದಲ್ಲಿ ಸುತ್ತಿಟ್ಟ ಬೆಲ್ಲದ ಚೂರುಗಳಿದ್ದವು.

ಗೋಡೆಯ ಬದಿಗೆ ಪೂರ್ವಿ ಎಸೆದಿದ್ದ ಬಾಟಲಿಗಳು ಸಾಲಾಗಿ ನಿಂತಿದ್ದವು. ತೊಳೆದು, ಕಾಸಿದ ನೀರು ತುಂಬಿ, ಮುಚ್ಚಳ ಬಿಗಿದು...

ಮಗಳು ಗಟಗಟ ಕುಡಿದಳು. ಬೆಲ್ಲ ಚೀಪಿದಳು. ತಾಯಿಯ ತೊಡೆಯ ಮೇಲೆ ನೆಮ್ಮದಿಯಾಗಿ ಕಣ್ಣು ಮುಚ್ಚಿದಳು.

“ಅತ್ತಿ... ಇದನ್ನೆಲ್ಲಾ ಯಾವಾಗ ಇಟ್ರಿ?” ದಾಕ್ಷಾಯಣಿ ಕೇಳಿದಳು.

ಗುರುಸಿದ್ದವ್ವ ಅವಳನ್ನೇ ನೋಡಿದರು. ಗುರುತು ಹತ್ತಲಿಲ್ಲ.

“ನಾ ಎಲ್ಲಿ ಇಟ್ಟೆ? ನಮ್ಮ ಸೊಸಿ ಇಟ್ಟಾಳ. ಹುಣ್ಣಿಮಿಗೊಮ್ಮೆ ಕೇಳ್ತೀನಿ... ತುಂಬೀನ್ರಿ ಅಂತಾಳ. ಬಾಳ ಶಾಣ್ಯಾಕಿ ಅಕಿ. ನೀ ಅಕಿನ್ನ ನೋಡೀಯೇನು?”

ದಾಕ್ಷಾಯಣಿ ಅತ್ತೆಯ ಪಾದದ ಮೇಲೆ ಹಣೆ ಇಟ್ಟು ಅತ್ತಳು. ಯಾರ ಮನೆಯ ಹುಡುಗಿಯೋ ಪಾಪ ಎಂದುಕೊಂಡು ಗುರುಸಿದ್ದವ್ವ ಅವಳ ತಲೆ ನೇವರಿಸುತ್ತ ಕೂತರು.

ಮರುದಿನ ದೋಣಿ ಬಂತು. ಕೆಲವು ದಿನಗಳಲ್ಲಿ ಹೊಳೆಯೂ ಇಳಿಯಿತು.

ಮುಂದಿನ ಹುಣ್ಣಿಮೆ... ಗೋಡೆಗಳ ಹಸಿ ಇನ್ನೂ ಆರಿರಲಿಲ್ಲ. ಚಂದ್ರ ಮೂಡುತ್ತಲೇ ಅದೇ ಪ್ರಶ್ನೆ ಬಂತು. “ಮ್ಯಾಲಿನ ಡಬ್ಬಿ ತುಂಬೀಯೇನವಾ?”

ಈ ಸಲ ದಾಕ್ಷಾಯಣಿ ಅತ್ತೆಯ ಕೈ ಹಿಡಿದು ಮೆಟ್ಟಿಲು ಹತ್ತಿಸಿ, ತುಂಬಿದ ಡಬ್ಬಿಯ ಮೇಲೆ ಆ ಕೈಯನ್ನು ಇಟ್ಟಳು.

*

ಮನೆಯವರ ಮೇಲಿನ ಪ್ರೀತಿಯನ್ನು ಬರೀ ಬಾಯಲ್ಲಿ ಹೇಳಬೇಡಿ, ಕಷ್ಟದ ದಿನಕ್ಕೆಂದು ಒಂದಿಷ್ಟು ಅನ್ನ ನೀರು ಎತ್ತಿಟ್ಟು ತೋರಿಸಿ.

ನಿಮ್ಮ ಮನೆಯ ಹಿರಿಯರು ಈಗ ಬಂದು “ತುಂಬೀಯೇನವಾ?” ಎಂದು ಕೇಳಿದರೆ... ಅವರ ಕೈ ಹಿಡಿದು ತೋರಿಸಲು ನಿಮ್ಮಲ್ಲಿ ಏನಿದೆ?