ಫಕೀರಪ್ಪನ ಚೀತ್ಕಾರ

ಸತ್ತವರು ಊರಲ್ಲೇ ಉಳಿಯಬಹುದಿತ್ತು, ಆದರೆ ಕೆಲಸವಿಲ್ಲದವರು ಊರು ಬಿಡಬೇಕಿತ್ತು. ದೆವ್ವದ ಸಿನಿಮಾದವರು ಮಾತ್ರ ಅವರನ್ನು ಕೆಲಸಕ್ಕೆ ಕರೆಯುತ್ತಿದ್ದರು. ಹುಬ್ಬಳ್ಳಿಯ ಕಸ್ತೂರೆವ್ವ ತೀರಿಹೋದ ಗಂಡ ಫಕೀರಪ್ಪನನ್ನು ಶೂಟಿಂಗಿಗೆ ಕರೆತಂದಿದ್ದಳು. ಬದುಕಿದ್ದಾಗಲೂ ಅವನು ದನಿ ಎತ್ತಿದವನಲ್ಲ. ಕ್ಯಾಮೆರಾ ಮುಂದೆ ಹತ್ತು ಸಲ ಚೀರಿದರೂ ಯಾರೂ ಹೆದರಲಿಲ್ಲ.

“ಇವ್ರ ಕೈಲೆ ಆಗಂಗಿಲ್ರೀ, ಕರ್ಕೊಂಡ್ ಹೋಗ್ರಿ,” ಎಂದ ನಿರ್ದೇಶಕ.

ಕಸ್ತೂರೆವ್ವ ಗಂಡನ ಹತ್ತಿರ ಹೋಗಿ, ಎರಡು ವರ್ಷದಿಂದ ಮುಚ್ಚಿಟ್ಟಿದ್ದನ್ನು ಹೇಳಿಬಿಟ್ಟಳು. “ಮಗಳು ನಿಮ್ಮನ್ನ ಮರತಾಳ್ರೀ. ನನ್ನ ತಮ್ಮಗ ಅಪ್ಪಾ ಅಂತ ಕರೀತಾಳ.”

ಫಕೀರಪ್ಪ ಚೀರಿದ. ಲೈಟ್‌ನವನು ಲೈಟು ಬಿಟ್ಟು ಓಡಿದ.

ನಿರ್ದೇಶಕ ಚಪ್ಪಾಳೆ ತಟ್ಟಿದ. “ಕೆಲಸ ಪಕ್ಕಾ! ಇನ್ನೊಂದು ಟೇಕ್ ತಗೊಳ್ಳೋಣು. ಅಕ್ಕಾರ, ಅದನ್ನ ಮತ್ತೊಮ್ಮೆ ಹೇಳ್ರಿ.”

ಫಕೀರಪ್ಪ ಬೇಡವೆಂಬಂತೆ ಹೆಂಡತಿಯ ಮುಖ ನೋಡಿದ. ಅವಳು ನೆಲ ನೋಡುತ್ತ ಮತ್ತೊಮ್ಮೆ ಹೇಳಿದಳು.