ಪುಸ್ತಕದಲ್ಲಿ ಹಾಗಿಲ್ಲ

ಟೀವಿಯಲ್ಲಿ ಕೋಟೆಬಾಗಿಲ ಕಾವಲುಗಾರ ರಾಣಿಗೆ ಅಡ್ಡ ನಿಂತು, ಎದೆಗೆ ಬಾಣ ತಾಗಿ ಬಿದ್ದ. ಸೋಫಾದ ಮೂಲೆಯಲ್ಲಿ ಶಾಲು ಹೊದ್ದು ಕೂತಿದ್ದ ಅತ್ತೆ ಎಡಗೈ ಎತ್ತಿ ಪರದೆಯತ್ತ ಬೆರಳು ಮಾಡಿ, "ಅಲ್ಲ" ಅಂದರು.

ಪಕ್ಕದಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದ ಸೊಸೆಯ ಕೈ ಅಲ್ಲೇ ನಿಂತಿತು. ಲಕ್ವ ಹೊಡೆದು ಬಲಗೈಯ ಜೊತೆಗೆ ಮಾತೂ ಬಿದ್ದುಹೋದ ಮೇಲೆ ಆ ಬಾಯಿಂದ ಹೊರಟ ಮೊದಲ ಮಾತು ಅದು. ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಗಾಡಿಗಳು ಬರುವ ಹೋಗುವ ಹೊತ್ತನ್ನು ಸಾರುತ್ತಿದ್ದ ಹೆಂಗಸು. ಗಾಡಿ ತಡವಾದೀತು, ಅವರ ಮಾತು ತಡವಾದದ್ದಿಲ್ಲ. ಅಂಥವರು ಚಳಿಗಾಲವಿಡೀ ತುಟಿ ಬಿಚ್ಚದೆ ಕೂತಿದ್ದರು. ವಾರಕ್ಕೊಮ್ಮೆ ಬರುವ ಸ್ಪೀಚ್ ಥೆರಪಿಸ್ಟ್ ಛತ್ರಿ, ಹಕ್ಕಿ, ಬೀಗದಕೈಗಳ ಚಿತ್ರ ಹಿಡಿದು, ಎಳೆಮಗುವನ್ನು ಕೇಳುವಂತೆ ಇದೇನು, ಇದೇನು ಎಂದು ಕೇಳಿದರೆ ಮುಖವನ್ನು ಗೋಡೆಯ ಕಡೆ ತಿರುಗಿಸಿಬಿಡುತ್ತಿದ್ದರು.

ಅಡುಗೆಮನೆಯಿಂದ ಮಗ ಓಡಿಬಂದ. ಅಮ್ಮನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು, ಇನ್ನೊಂದು ಸಲ ಹೇಳಮ್ಮ ಎಂದು ಗೋಗರೆದ. ಅಮ್ಮನ ಬಾಯಿಗೆ ಮತ್ತೆ ಬೀಗ. ಸೊಸೆಗೆ ಮಾತ್ರ ಆ "ಅಲ್ಲ" ಎಲ್ಲಿಂದ ಬಂತೆಂದು ಚೆನ್ನಾಗಿ ಗೊತ್ತಿತ್ತು. ಆ ಧಾರಾವಾಹಿಯ ಮೂಲ ಕಾದಂಬರಿಗಳು ಏಳು ಸಂಪುಟ. ಒಂದು ಗಾಡಿ ಹೋಗಿ ಇನ್ನೊಂದು ಬರುವುದರ ನಡುವೆ ಓದಿ ಓದಿ ಅತ್ತೆ ಅವನ್ನು ಅರೆದು ಕುಡಿದಿದ್ದರು. ಸೊಸೆ ಟೀವಿಯ ಪಕ್ಷ. ಮನೆಯ ಯಾವ ವಿಷಯಕ್ಕೂ ದನಿ ಏರಿಸದ ಅತ್ತೆ ಸೊಸೆ, ಭಾನುವಾರ ಸಂಜೆ ಧಾರಾವಾಹಿ ಶುರುವಾಯಿತೆಂದರೆ ಹಾವು ಮುಂಗುಸಿ. ಪುಸ್ತಕದಲ್ಲಿ ಹಲ್ಲುದುರಿದ ಮಾಟಗಾತಿಗೆ ಟೀವಿಯವರು ಮುತ್ತಿನಂಥ ಹಲ್ಲಿಟ್ಟರೆಂದು ಅತ್ತೆ ಒಂದು ವಾರ ಗೊಣಗಿದ್ದರು. ಇನ್ನು ಈ ಕಾವಲುಗಾರನೋ, ಅತ್ತೆ ಹಿಂದೆಯೇ ಹೇಳಿದ್ದ ಪ್ರಕಾರ, ಪುಸ್ತಕದಲ್ಲಿ ಅಪ್ಪಟ ದ್ರೋಹಿ. ಶತ್ರುಗಳಿಗೆ ಬಾಗಿಲು ತೆಗೆದವನೇ ಅವನು.

ಸೊಸೆ ಒಂದು ಟವೆಲು ಕೈಗೆತ್ತಿಕೊಂಡು, ಅತ್ತೆಯ ಕಡೆ ನೋಡದೆ ಗಂಡನಿಗೆ ಹೇಳಿದಳು: "ಪುಸ್ತಕ ಬರೆದವರಿಗೆ ತಲೆ ಇರ್ಲಿಲ್ಲ ಬಿಡಿ. ಕಾವಲುಗಾರನ್ನ ಒಳ್ಳೆಯವನು ಮಾಡಿದ್ದೇ ಸರಿಹೋಯ್ತು."

"ಅಲ್ಲ," ಅಂದರು ಅತ್ತೆ. ಕತ್ತಿನ ನರ ಉಬ್ಬಿತು. "ಅಲ್ಲ. ಕ... ಕಳ್ಳ."

ಅಂದಿನಿಂದ ಸೊಸೆ ಹಟ ಹಿಡಿದಳು. ಎಲ್ಲಿ ಚಿವುಟಿದರೆ ಎಲ್ಲಿ ಉರಿಯುತ್ತದೆಂದು ತಿಳಿಯಬೇಕಲ್ಲ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವಳದು, ಹೋಗುವಾಗ ಬರುವಾಗ ಬಸ್ಸಿನಲ್ಲಿ ಆ ಸಂಪುಟಗಳನ್ನು ಒಂದೊಂದಾಗಿ ಓದತೊಡಗಿದಳು. ಮನೆಗೆ ಬಂದು, ಟೀವಿಯವರು ಎಲ್ಲೆಲ್ಲಿ ಕಥೆ ಕೆಡಿಸಿದ್ದರೋ ಅದನ್ನೇ ಹುಡುಕಿ ಹುಡುಕಿ ಹೊಗಳಿದಳು. ಹಾಸಿಗೆ ಹಿಡಿದು ಎದ್ದವರನ್ನು ಹೀಗೆ ಕೆಣಕುವುದೇ ಎಂದು ಗಂಡ ಅಡುಗೆಮನೆಗೆ ಕರೆದು ಬೈದ. ಥೆರಪಿಸ್ಟ್ ಮಾತ್ರ ವಿಷಯ ಕೇಳಿ ನಕ್ಕು, ಚಿತ್ರಗಳನ್ನು ಚೀಲಕ್ಕೆ ಸೇರಿಸಿ, ನಿಮ್ಮ ಔಷಧಿಯನ್ನೇ ಮುಂದುವರಿಸಿ ಎಂದಳು. ಅತ್ತೆಗೆ ಮೊದಲು ಮರಳಿದ್ದೆಲ್ಲ ಬೈಗುಳ: ಸುಳ್ಳು, ದಡ್ಡಿ, ಬೊಗಳೆ. ಹಿಂದೆಯೇ ನೀರು, ಬೆಳಕು, ಮಗನ ಹೆಸರು ಬಂದವು. ಒಳಗೊಳಗೇ ಮಾತ್ರ ಸೊಸೆಗೆ ಪೀಕಲಾಟ. ಪುಸ್ತಕ ಅವಳನ್ನು ಹಿಡಿದುಬಿಟ್ಟಿತ್ತು. ಟೀವಿಯನ್ನು ಹೊಗಳಲು ಬಾಯಿ ತೆರೆದಾಗಲೆಲ್ಲ ನಾಲಿಗೆ ತಡವರಿಸುತ್ತಿತ್ತು.

ಕೊನೆಯ ಕಂತು ಬಂತು. ಮುದಿ ಮಾಟಗಾತಿಗೆ ಮಂತ್ರಗಳೆಲ್ಲ ಮರೆತುಹೋಗಿವೆ. ಕೋಲೂರಿಕೊಂಡು ಹಿಮದ ಬೆಟ್ಟದ ದಾರಿ ಹಿಡಿಯುತ್ತಾಳೆ. ಪುಸ್ತಕದಲ್ಲಿ ಅವಳು ಒಬ್ಬಳೇ ಹೋಗುತ್ತಾಳೆ, ಹೆಜ್ಜೆಗುರುತಿನ ಮೇಲೆ ಹಿಮ ಬೀಳುತ್ತದೆ, ಅಲ್ಲಿಗೆ ಮುಗಿಯಿತು. ಆ ಪುಟ ಓದಿದ ದಿನ ಸೊಸೆ ಇಳಿಯಬೇಕಾದ ಸ್ಟಾಪು ದಾಟಿ ಹೋಗಿದ್ದಳು. ಟೀವಿಯಲ್ಲಿ, ಏಳು ಸಂಪುಟದುದ್ದಕ್ಕೂ ಮಾಟಗಾತಿಯ ಜೊತೆ ಕಾದಾಡಿದ ರಾಣಿ ಕಿರೀಟವನ್ನು ಮೆಟ್ಟಿಲ ಮೇಲೆ ಕಳಚಿಟ್ಟು, ಲಾಟೀನು ಹಿಡಿದು ಅವಳ ಹಿಂದೆ ಓಡಿದಳು.

ಇನ್ನೇನು ಬೈಗುಳ ಬರುತ್ತದೆಂದು ಮಗ ಅಮ್ಮನ ಮುಖ ನೋಡಿದ. ಅತ್ತೆಯ ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು.

"ಪುಸ್ತಕಕ್ಕಿಂತ... ಇದೇ... ಚೆನ್ನಾಗಿದೆ."

ಮಗ ಕಣ್ಣೊರೆಸಿಕೊಂಡ. ಸೊಸೆ ಹೌದು ಅತ್ತೆ ಎಂದುಬಿಟ್ಟಿದ್ದರೆ ಸುಖವಾಗಿ ಮುಗಿದುಹೋಗುತ್ತಿತ್ತು. ಆದರೆ ಮನಸ್ಸು ಒಪ್ಪಲಿಲ್ಲ. "ಇಲ್ಲ ಅತ್ತೆ," ಅಂದಳು. "ಇವರು ಹಾಳು ಮಾಡಿದ್ರು. ಅವಳು ಒಬ್ಬಳೇ ಹೋಗ್ಬೇಕಿತ್ತು. ಆ ಹಿಮ ಬೀಳೋದನ್ನೇ ತೋರಿಸ್ಲಿಲ್ಲ ನೋಡಿ."

ಅತ್ತೆ ನಿಧಾನವಾಗಿ ಅವಳ ಕಡೆ ತಿರುಗಿದರು. "ನೀನು... ಓದಿದೀಯಾ?"

"ಏಳೂ ಓದಿದೀನಿ."

ಅತ್ತೆ ಎಡಗೈಯಿಂದ ರಿಮೋಟು ಒತ್ತಿ ಟೀವಿ ಆರಿಸಿದರು. ಮಾತು ಹುಡುಕುವ ಅಮ್ಮನಿಗೆ ನೆರವಾಗಲು ಮಗ ಬಾಯಿ ತೆರೆಯಹೋದ; ಸೊಸೆ ಕಣ್ಣಲ್ಲೇ ತಡೆದಳು. ಅತ್ತೆ ತಾವೇ ಶಾಲು ಸರಿಸಿ, ಸೋಫಾದಲ್ಲಿ ಪಕ್ಕದ ಜಾಗವನ್ನು ಎರಡು ಸಲ ತಟ್ಟಿದರು.

"ಈಗ ಬಾ," ಅಂದರು, "ಜಗಳಕ್ಕೆ."